ಚಾಲಕರಿಲ್ಲದ ಕಾರಿನಲ್ಲಿ ಕ್ಲಚ್ ಮಾಸ್ತರರು

ಚಾಲಕನೇ ಇಲ್ಲದ ಕಾರು ಈ ಊರಿನ ರಸ್ತೆಯಲ್ಲಿ ಓಡಬೇಕಾದರೆ ಅದು ಮೊದಲು ತನ್ನ ಎದೆಯ ಮೇಲೆ ಹಾದುಹೋಗಬೇಕು ಎಂದು ಕ್ಲಚ್ ಮಾಸ್ತರರು ಘೋಷಿಸಿದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ. ಅಡುಗೆಮನೆಯಲ್ಲಿ ಆಗ ಇದ್ದದ್ದು ಅವರ ಹೆಂಡತಿ ಮತ್ತು ಟೋಸ್ಟರ್. ಟೋಸ್ಟರ್ ಮಾತ್ರ ಬೆಚ್ಚಿಬಿದ್ದು ಬ್ರೆಡ್ಡನ್ನು ಮೇಲಕ್ಕೆಸೆಯಿತು.

"ಅದು ನಿಮ್ಮ ಎದೆ ಮೇಲೆ ಹಾಯಲ್ಲ ಬಿಡಿ," ಎಂದರು ಹೆಂಡತಿ, ಬೆಣ್ಣೆ ಸವರುತ್ತ. "ಎದುರಿಗೆ ಬೆಕ್ಕು ಬಂದ್ರೂ ನಿಲ್ಲುತ್ತಂತೆ. ನಿಮಗೂ ನಿಲ್ಲುತ್ತೆ."

ಕ್ಲಚ್ ಮಾಸ್ತರ್ ಎನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ, ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್, ಕ್ಲಚ್, ಅಯ್ಯೋ ಕ್ಲಚ್" ಎಂದು ಗಂಟಲು ಹರಿದುಕೊಂಡು ಸಂಪಾದಿಸಿದ ಬಿರುದು. ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಲಿತವರು. ಉಳಿದರ್ಧ ಅವರ ಬಾಯಿಗೆ ಹೆದರಿ ಬೇರೆ ಕಡೆ ಕಲಿತವರು. ಪಾಠದ ಕಾರಿನಲ್ಲಿ ಮಾಸ್ತರರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಅದನ್ನು ಅವರು ಅಪಾಯಕ್ಕೆಂದು ಇಟ್ಟುಕೊಂಡಿರಲಿಲ್ಲ, ಪೂರ್ಣವಿರಾಮಕ್ಕೆಂದು ಇಟ್ಟುಕೊಂಡಿದ್ದರು. ಒಂದೊಂದು ಬೈಗುಳದ ವಾಕ್ಯ ಮುಗಿದಾಗಲೂ ಒಮ್ಮೆ ಒತ್ತುತ್ತಿದ್ದರು. ಶಿಷ್ಯರ ಕತ್ತು ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಕೆಲವರದು ಹಿಂದಕ್ಕೆ ಬರುತ್ತಲೇ ಇರಲಿಲ್ಲ.

ಅಂಥವರ ಅನುಕೂಲಕ್ಕಾಗಿಯೇ ಎಂಬಂತೆ ಅವರ ಹೆಂಡತಿ ಫಿಸಿಯೋಥೆರಪಿಸ್ಟ್ ಆಗಿದ್ದರು. ಬೆಳಿಗ್ಗೆ ಗಂಡನ ಬಳಿ ಪಾಠಕ್ಕೆ ಬಂದವರು ಸಂಜೆ ಹೆಂಡತಿಯ ಬಳಿ ಕತ್ತಿಗೆ ಬರುತ್ತಿದ್ದರು. ಎರಡು ವೃತ್ತಿಗಳು ಹೀಗೆ ಕೈಕೈ ಹಿಡಿದು ನಡೆದ ಸಂಸಾರ ಇನ್ನೊಂದಿರಲಾರದು. ಇಂಥ ಮಾಸ್ತರರ ಹೆಂಡತಿಗೆ ಮಾತ್ರ ಕಾರು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಕಲಿಸಲು ಹೊರಟಿದ್ದರು. ಗೇಟಿನಿಂದ ಕಾರು ಹೊರಬರುವುದರೊಳಗೆ ಆಕೆ ಇಳಿದು, ಬಾಗಿಲು ಮುಚ್ಚಿ, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಿದ್ದರು. ಅಂದಿನಿಂದಲೂ ಕ್ಲಿನಿಕ್ಕಿಗೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು.

ಬಸ್ಸು ಎಂದರೆ, ಬಂದ ದಿನ. ಆ ಊರಿನ ನಗರಸಭೆಗೆ ಸಂಚಾರ ಸುಧಾರಣೆಯ ಹುಚ್ಚು ಬಹಳ. ಮೊದಲು ರಸ್ತೆ ಅಗಲ ಮಾಡಲೆಂದು ಫುಟ್‌ಪಾತ್ ತೆಗೆದರು. ಆಮೇಲೆ ಜನ ರಸ್ತೆಯಲ್ಲೇ ನಡೆಯುತ್ತಾರೆಂದು ರಸ್ತೆಯ ನಡುವೆ ಬೇಲಿ ಹಾಕಿದರು. ಸೈಕಲ್ಲಿನವರಿಗೆಂದು ಹಸಿರು ಬಣ್ಣದ ದಾರಿ ಬಳಿದರು. ಅದರ ಮೇಲೆ ಕಾರುಗಳು ಹುಲ್ಲುಗಾವಲಿಗೆ ಬಂದ ದನಗಳಂತೆ ಸಾಲಾಗಿ ಮಲಗಿದವು. ಬಸ್ಸುಗಳನ್ನು ಕಡಿಮೆ ಮಾಡಿ, ಬಸ್ಸು ಎಷ್ಟು ತಡ ಎಂದು ತೋರಿಸುವ ಬಣ್ಣದ ಫಲಕಗಳನ್ನು ಹೆಚ್ಚು ಮಾಡಿದರು. ಹೀಗೆ ಬಸ್ಸಿಗೆ ಡ್ರೈವರ್ ಇದ್ದು ಬಸ್ಸೇ ಇಲ್ಲದ ಸ್ಥಿತಿ ತಲುಪಿದ ಮೇಲೆ, ಕಾರಿದ್ದು ಡ್ರೈವರ್ ಇಲ್ಲದ ಸ್ಥಿತಿಯೊಂದನ್ನೂ ನೋಡಿಬಿಡೋಣ ಎಂದು ಅವರಿಗೆ ಅನ್ನಿಸಿತು. ತಾನೇ ಓಡುವ ಬಿಳಿ ಟ್ಯಾಕ್ಸಿಗಳು ಪ್ರಯೋಗಕ್ಕೆಂದು ಬೀದಿಗಿಳಿದವು. ನೆತ್ತಿಯ ಮೇಲೆ ಗರಗರ ತಿರುಗುವ ಡಬ್ಬಿ, ಸುತ್ತ ಕ್ಯಾಮೆರಾ, ಒಳಗೆ ಯಾರೂ ಕೂರದ ಡ್ರೈವರ್ ಸೀಟು, ಯಾರೂ ಹಿಡಿಯದೆ ತಿರುಗುವ ಸ್ಟೀರಿಂಗ್. ಪ್ರಯೋಗವನ್ನು ಇಡೀ ಊರಿಗೆ ವಿಸ್ತರಿಸಬೇಕೋ ಬೇಡವೋ ಎಂದು ಕೇಳಲು ಒಂದು ಸಮಿತಿ ಸಾರ್ವಜನಿಕ ಸಭೆ ಕರೆಯಿತು.

ಡ್ರೈವಿಂಗ್ ಸ್ಕೂಲ್ ಮಾಲೀಕರ ಸಂಘದ ಪರವಾಗಿ ಮಾತಾಡಲು ಎಲ್ಲರೂ ಒಮ್ಮತದಿಂದ ಆರಿಸಿದ್ದು ಕ್ಲಚ್ ಮಾಸ್ತರರನ್ನು. ಒಮ್ಮತಕ್ಕೆ ಕಾರಣ, ಉಳಿದವರ್ಯಾರಿಗೂ ಮೈಕಿನ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ.

"ಕಾರು ತಾನೇ ಓಡೋದಾದ್ರೆ ನಮ್ಮ ಹತ್ರ ಕಲಿಯೋಕೆ ಯಾರು ಬರ್ತಾರೆ ಮಾಸ್ತರ್ರೇ?" ಎಂದು ಸಂಘದ ಕಾರ್ಯದರ್ಶಿ ಕಣ್ಣು ಒದ್ದೆ ಮಾಡಿಕೊಂಡಿದ್ದರು. "ನಮ್ಮೆಲ್ಲರ ಹೊಟ್ಟೆಪಾಡು ನಿಮ್ಮ ಬಾಯಲ್ಲಿದೆ."

ಆ ಬಾಯಿಯನ್ನು ಮಾಸ್ತರರು ವಾರವೆಲ್ಲ ಕನ್ನಡಿಯ ಮುಂದೆ ಸಾಣೆ ಹಿಡಿದರು. ಸಭೆಯ ದಿನ ಕರಿ ಕೋಟು ಹಾಕಿಕೊಂಡು, ಜೇಬಿನಲ್ಲಿ ಭಾಷಣ ಮಡಚಿಟ್ಟುಕೊಂಡು, ಟೋಸ್ಟರಿನ ಮುಂದೆ ಆ ಎದೆಯ ಘೋಷಣೆ ಮಾಡಿ, ತಮ್ಮ ಪಾಠದ ಕಾರು ಹತ್ತಿ ಕೀಲಿ ತಿರುಗಿಸಿದರು. ಎಂಜಿನ್ ಗುಡುಗಿತು. ಕಾರು ಅಲ್ಲಾಡಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂತು.

ಹಿಂದಿನ ದಿನ ಪಾಠಕ್ಕೆ ಬಂದಿದ್ದ ಹಲ್ಲಿನ ಡಾಕ್ಟರು ಮಾಸ್ತರರ ಬೈಗುಳಕ್ಕೆ ಎಷ್ಟು ಹೆದರಿದ್ದರೆಂದರೆ, ಪೆಡಲಿನಿಂದ ಕಾಲು ತೆಗೆಯುವ ಧೈರ್ಯವನ್ನೇ ಮಾಡಿರಲಿಲ್ಲ. ಕ್ಲಚ್ ಮಾಸ್ತರರ ಕಾರಿನಲ್ಲಿ ಹೋಗಿದ್ದು ಕ್ಲಚ್ಚೇ.

"ಪ್ಲೇಟು ಸುಟ್ಟೋಗಿದೆ," ಎಂದು ಮಾಸ್ತರರು ಬಾನೆಟ್ಟಿನ ಮೇಲೆ ಕೈಯೂರಿ ನಿಂತರು.

ಹೆಂಡತಿ ಕೈಚೀಲ ಹೆಗಲಿಗೇರಿಸಿಕೊಂಡು ಹೊರಬಂದರು. ಗಂಡನ ಭಾಷಣ ಕೇಳಲು ಕ್ಲಿನಿಕ್ಕಿಗೆ ರಜೆ ಹಾಕಿದ್ದರು.

"ಬಸ್ಸಲ್ಲಿ ಹೋಗೋಣ್ವಾ?"

"ಬಸ್ಸು ಬರೋ ಹೊತ್ತಿಗೆ ಸಮಿತಿ ಸದಸ್ಯರೆಲ್ಲ ನಿವೃತ್ತಿ ಆಗಿರ್ತಾರೆ. ಟ್ಯಾಕ್ಸಿ ಕರಿ."

ಹೆಂಡತಿ ಫೋನು ಒತ್ತಿದರು. ಸ್ವಲ್ಪ ಹೊತ್ತಿಗೆಲ್ಲ ಗೇಟಿನ ಮುಂದೆ ಬಿಳಿ ಕಾರೊಂದು ಸದ್ದಿಲ್ಲದೆ ಬಂದು ನಿಂತಿತು. ನೆತ್ತಿಯ ಡಬ್ಬಿ ತಿರುಗುತ್ತಿತ್ತು. ಮಾಸ್ತರರು ಕಾರನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಇದಾ?"

"ಇದೊಂದೇ ಹತ್ತಿರ ಇದ್ದಿದ್ದು. ಡ್ರೈವರ್ ಇರೋವೆಲ್ಲ ಬರಲ್ಲ ಅಂದ್ವು."

"ಇದರ ವಿರುದ್ಧ ಮಾತಾಡೋಕೆ ಇದರಲ್ಲೇ ಹೋಗ್ಲಾ?"

"ನಡ್ಕೊಂಡು ಹೋಗಿ ಹಾಗಾದ್ರೆ. ನಾನು ಇದರಲ್ಲಿ ಹೋಗಿ ನಿಮಗೆ ಸೀಟು ಹಿಡಿದಿರ್ತೀನಿ."

ಶತ್ರುವಿನ ಕೋಟೆಯ ಒಳಗನ್ನು ಕಣ್ಣಾರೆ ನೋಡುವುದು ಯುದ್ಧತಂತ್ರ ಎಂದು ತಮಗೆ ತಾವೇ ಹೇಳಿಕೊಂಡು ಮಾಸ್ತರರು ಬಾಗಿಲಿಗೆ ಕೈ ಹಾಕಿದರು. ಹಾಕಿದ್ದು ಡ್ರೈವರ್ ಸೀಟಿನ ಬಾಗಿಲಿಗೆ. ಅದು ತೆರೆಯಲಿಲ್ಲ. "ಮಾನ್ಯರೇ, ದಯವಿಟ್ಟು ಬೇರೆ ಆಸನವನ್ನು ಆರಿಸಿಕೊಳ್ಳಿ," ಎಂದಿತು ಕಾರು, ಆಕಾಶವಾಣಿಯಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ. ಮಾಸ್ತರರು ಗೊಣಗುತ್ತ ಸುತ್ತಿ ಬಂದು ತಮ್ಮ ಮೂವತ್ತು ವರ್ಷದ ಆಸನದಲ್ಲಿ, ಅಂದರೆ ಮುಂದಿನ ಪಕ್ಕದ ಸೀಟಿನಲ್ಲಿ ಕೂತರು. ಹೆಂಡತಿ ಹಿಂದೆ ಕೂತರು. ಒಳಗೆ ಸೆಕೆಯಿತ್ತೋ, ಮಾಸ್ತರರ ರಕ್ತ ಕುದಿಯುತ್ತಿತ್ತೋ, ಕೋಟು ಬಿಚ್ಚಿ ಹೆಂಡತಿಗೆ ಕೊಟ್ಟರು. ಫೋನು, ಭಾಷಣ ಎರಡೂ ಆ ಕೋಟಿನಲ್ಲೇ ಇದ್ದವು.

ಕಾರು ಹೊರಟಿತು. ಹೊರಟದ್ದು ಯಾರಿಗೂ ಗೊತ್ತಾಗದಷ್ಟು ನಯವಾಗಿ.

"ಶುರು ಚೆನ್ನಾಗಿದೆ," ಎಂದರು ಹೆಂಡತಿ.

"ತಿರುವು ಬರಲಿ," ಎಂದರು ಮಾಸ್ತರರು.

ತಿರುವು ಬಂತು. ಕಾರು ತಿರುವಿಗೆ ಬಹಳ ಮುಂಚೆ ಸಿಗ್ನಲ್ ಹಾಕಿತು, ನಿಧಾನಿಸಿತು, ಆ ಕಡೆ ಈ ಕಡೆ ನೋಡಿತು, ತಿರುಗಿತು. ತಪ್ಪು ಕಂಡುಹಿಡಿಯಲು ಬಗ್ಗಿ ಕೂತಿದ್ದ ಮಾಸ್ತರರಿಗೆ ಬೆನ್ನು ನೋವು ಬಂತೇ ಹೊರತು ತಪ್ಪು ಸಿಗಲಿಲ್ಲ. ಆದರೆ ಅವರ ಕಾಲು ಅವರ ಮಾತು ಕೇಳುವ ಕಾಲಲ್ಲ. ಎದುರಿಗೆ ಮುದುಕರೊಬ್ಬರು ರಸ್ತೆಗಿಳಿದ ಕೂಡಲೆ ಅದು ಇಲ್ಲದ ಬ್ರೇಕನ್ನು ಧಡಾರನೆ ತುಳಿಯಿತು. ಕಾರು ಆಗಲೇ ನಿಂತಿತ್ತು. ಮುಂದೆ ಸೈಕಲ್ ಬಂತು, ಕಾಲು ತುಳಿಯಿತು. ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಉರುಳುತ್ತ ಅಡ್ಡ ಬಂತು. ಕಾರು ಅದಕ್ಕೂ ಗೌರವ ಕೊಟ್ಟು ನಿಂತಿತು, ಕಾಲು ಅದಕ್ಕೂ ತುಳಿಯಿತು.

"ಮಾನ್ಯರೇ," ಎಂದಿತು ಕಾರು, "ನಿಮ್ಮ ಕಾಲು ಪದೇ ಪದೇ ಅದುರುತ್ತಿರುವುದನ್ನು ಗಮನಿಸಿದ್ದೇನೆ. ತಮಗೆ ಏನಾದರೂ ಆರೋಗ್ಯದ ತೊಂದರೆ ಇದೆಯೇ?"

ಹಿಂದಿನ ಸೀಟಿನಲ್ಲಿ ಹೆಂಡತಿ ಕೆಮ್ಮಿದಂತೆ ಮಾಡಿದರು. ಮಾಸ್ತರರ ಮಾತೃಭಾಷೆ ವ್ಯಂಗ್ಯ. ಮೂವತ್ತು ವರ್ಷ ಅದರಲ್ಲೇ ಪಾಠ ಮಾಡಿದವರು. "ಆಹಾ, ಏನು ಓಡಿಸ್ತೀಯಪ್ಪಾ, ವಿಮಾನ ಓಡಿಸೋಕೆ ಹೋಗು" ಎಂದರೆ ಶಿಷ್ಯರು ಗೇರ್ ತಪ್ಪಾಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಅದೇ ಭಾಷೆಯಲ್ಲಿ ಅವರು ಕಾರಿಗೂ ಉತ್ತರ ಕೊಟ್ಟರು.

"ಹೌದಪ್ಪಾ, ಕಾಲಲ್ಲ, ತಲೆ ಕೆಟ್ಟಿದೆ ನನಗೆ. ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋಗು."

"ಅರ್ಥವಾಯಿತು," ಎಂದಿತು ಕಾರು, ಕರುಣೆಯಿಂದ. "ಮಾನಸಿಕ ಆರೋಗ್ಯ ಕೇಂದ್ರಕ್ಕೆ ಮಾರ್ಗ ಬದಲಿಸಲಾಗಿದೆ. ಧೈರ್ಯವಾಗಿರಿ." ಎಂದದ್ದೇ ಸಿಗ್ನಲ್ ಹಾಕಿ, ನಿಧಾನಿಸಿ, ಆ ಕಡೆ ಈ ಕಡೆ ನೋಡಿ, ಬಂದ ದಾರಿಗೆ ತಿರುಗಿತು.

"ಏಯ್, ನಾನು ತಮಾಷೆಗೆ ಹೇಳಿದ್ದು."

"ಗಾಬರಿಯಾಗುವುದು ಸಹಜ. ಇನ್ನು ಸ್ವಲ್ಪ ಹೊತ್ತಿನಲ್ಲಿ ತಲುಪುತ್ತೇವೆ."

"ನನಗೆ ಹುಚ್ಚಿಲ್ಲ ಮಾರಾಯಾ."

"ಹಾಗೆ ಅನ್ನಿಸುವುದೂ ಸಹಜ."

ಮಾಸ್ತರರು ಕೂಗಿದಷ್ಟೂ ಕಾರಿನ ಧ್ವನಿ ಮೃದುವಾಗುತ್ತ ಹೋಯಿತು. ಕೊನೆಗೆ ಒಂದು ಹಿತವಾದ ಕೊಳಲಿನ ಸಂಗೀತವನ್ನೂ ಹಾಕಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು: "ನೋಡಪ್ಪಾ, ಇವರು ನನ್ನ ಗಂಡ. ಇವರು ಮಾತಾಡೋದೇ ಹೀಗೆ. ಹೇಳಿದ್ದಕ್ಕೆ ಉಲ್ಟಾ ಅರ್ಥ ಮಾಡ್ಕೊಬೇಕು. ನಮ್ಮನ್ನ ನಗರಸಭೆಗೆ ಬಿಡು."

"ಧನ್ಯವಾದಗಳು. ನಗರಸಭೆಗೆ ಮಾರ್ಗ ಬದಲಿಸಲಾಗಿದೆ."

"ನಿನ್ನ ಮಾತು ಮಾತ್ರ ಹೇಗೆ ಕೇಳುತ್ತೆ ಇದು?" ಎಂದು ಮಾಸ್ತರರು ಹಿಂದೆ ತಿರುಗಿದರು.

"ನಾನು ಬಯ್ಯಲಿಲ್ಲ," ಎಂದರು ಹೆಂಡತಿ.

ಕಳೆದ ಹೊತ್ತನ್ನು ತುಂಬಿಕೊಳ್ಳಲು ಕಾರು ಹತ್ತಿರದ ದಾರಿ ಹಿಡಿಯಿತು. ಹಣ್ಣಿನ ಮಾರುಕಟ್ಟೆಯ ಹಿಂದಿನ ಗಲ್ಲಿ. ಒಂದು ಕಾರು ಹೋಗಬಹುದಾದ ಜಾಗ, ಎರಡೂ ಬದಿ ಮರದ ಪೆಟ್ಟಿಗೆಗಳ ಗೋಡೆ. ಅರ್ಧ ದಾರಿಗೆ ಹೋದಾಗ ಎದುರಿನಿಂದ ಇನ್ನೊಂದು ಬಿಳಿ ಕಾರು ಬಂತು. ಅದರ ನೆತ್ತಿಯ ಮೇಲೂ ಡಬ್ಬಿ. ಒಳಗೆ ಒಂದು ನರಪಿಳ್ಳೆಯೂ ಇಲ್ಲ.

ಇವರ ಕಾರು ನಿಂತಿತು. ಅದೂ ನಿಂತಿತು. ನೀವು ಹೋಗಿ ಎನ್ನುವಂತೆ ಇದು ಒಂದು ಮೊಳ ಹಿಂದೆ ಸರಿಯಿತು. ಛೆ ಛೆ, ನೀವು ಹೋಗಿ ಎನ್ನುವಂತೆ ಅದೂ ಒಂದು ಮೊಳ ಹಿಂದೆ ಸರಿಯಿತು. ದಾರಿ ತೆರೆಯಿತೆಂದು ಎರಡೂ ಒಟ್ಟಿಗೆ ಮುಂದೆ ಬಂದವು. ಮತ್ತೆ ಎರಡೂ ನಾಚಿಕೊಂಡು ಹಿಂದೆ ಸರಿದವು. ಹೊಸದಾಗಿ ಸಂಬಂಧ ಬೆಳೆಸಿದ ಬೀಗರು ಬಾಗಿಲಲ್ಲಿ ನಿಂತು ಮೊದಲು ನೀವು, ಮೊದಲು ನೀವು ಎನ್ನುವಂತೆ ಈ ಉಪಚಾರ ನಡೆಯಿತು. ಹಿಂದೆ ಒಂದು ಹಾಲಿನ ವ್ಯಾನು ಬಂದು ಸೇರಿಕೊಂಡಿತು. ಎದುರಿನ ಕಾರಿನ ಹಿಂದೆ ಕಲ್ಲಂಗಡಿ ತುಂಬಿದ ಲಾರಿ ಬಂತು. ಎರಡರ ಡ್ರೈವರುಗಳಿಗೂ ಬೀಗರ ಮರ್ಯಾದೆ ಗೊತ್ತಿರಲಿಲ್ಲ. ಹಾರ್ನ್ ಹಿಡಿದು ಬಿಡಲೇ ಇಲ್ಲ.

"ಮುಂದೆ ನುಗ್ಗೋ," ಎಂದು ಮಾಸ್ತರರು ಕಾರಿಗೆ ಹೇಳಿದರು. "ಮೂತಿ ತೋರಿಸು, ಅದು ಹೆದರುತ್ತೆ. ಅರ್ಧ ಕ್ಲಚ್ಚಲ್ಲಿ ಬಿಡು. ಎಡಗಾಲು, ಎಡಗಾಲು. ನಿನಗೆ ಕಾಲೆಲ್ಲಿದೆ, ದರಿದ್ರದ್ದೇ."

"ಸಹಾಯ ಕೇಂದ್ರವನ್ನು ಸಂಪರ್ಕಿಸಲಾಗುತ್ತಿದೆ," ಎಂದಿತು ಕಾರು.

ಕೊಳಲು ನಿಂತು, ಹೆಣ್ಣುದನಿಯೊಂದು ಕೇಳಿಸಿತು. "ನಮಸ್ಕಾರ. ನಾನು ನಿಯಂತ್ರಣ ಕೊಠಡಿಯಿಂದ ಮಾತಾಡ್ತಿದೀನಿ. ನಿಮ್ಮ ಕಾರಿನ ಕ್ಯಾಮೆರಾ ನೋಡ್ತಿದೀನಿ, ಒಂದೇ ನಿಮಿಷ... ಕಾರೊಳಗೆ ಯಾರೋ ಅರ್ಧ ಕ್ಲಚ್ ಅಂದ ಹಾಗಿತ್ತು?"

"ನಾನೇ ಅಂದಿದ್ದು. ಏನೀಗ?"



"ಕ್ಲಚ್ ಮಾಸ್ತರಾ?"

"ಯಾರಮ್ಮ ನೀನು?"

"ನಿಮ್ಮ ಹತ್ರ ಕಲಿಯೋಕೆ ಬಂದಿದ್ದೆ ಸರ್, ಬಹಳ ಹಿಂದೆ. ನಿಮಗೆ ನೆನಪಿರಲ್ಲ. ನಿನ್ನ ಕೈಲಿ ಒಂದು ತಳ್ಳುಗಾಡಿ ಓಡ್ಸೋಕೂ ಆಗಲ್ಲ, ಮನೆಗೆ ಹೋಗು ಅಂದಿದ್ರಿ. ಹೋದೆ." ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ಮಾಸ್ತರರಿಗೆ ಹೆಚ್ಚು ಚುಚ್ಚಿದ್ದು. "ಈಗ ಈ ಊರಲ್ಲಿ ಓಡೋ ಡ್ರೈವರ್ ಇಲ್ಲದ ಕಾರೆಲ್ಲ ನಾನೂ ಇನ್ನೊಬ್ಬರೂ ಸೇರಿ ನೋಡ್ಕೊತೀವಿ. ಅವು ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ದಾರಿ ಹೇಳ್ತೀವಿ. ನೀವು ಚೆನ್ನಾಗಿದೀರಾ ಸರ್?"

ತಲೆ ಕೆಳಗೆ ಮಾಡಿ ಕೂರುವುದು ಮಾಸ್ತರರ ಜಾತಕದಲ್ಲಿರಲಿಲ್ಲ. ಅವರು ಬಾಗಿಲು ತೆರೆದು ಇಳಿದರು. ಯಂತ್ರಕ್ಕೆ ಬರದ್ದನ್ನು ಮನುಷ್ಯ ಹೇಗೆ ಮಾಡುತ್ತಾನೆ ಎಂದು ಆ ಹುಡುಗಿಗೂ, ಹಾಲಿನ ವ್ಯಾನಿನವನಿಗೂ, ಸಮಸ್ತ ಹಣ್ಣಿನ ಮಾರುಕಟ್ಟೆಗೂ ತೋರಿಸಲು ಎರಡು ಕಾರುಗಳ ನಡುವೆ ನಿಂತರು. ಎದುರಿನ ಕಾರಿಗೆ ಕೈ ಎತ್ತಿ ತಡೆದರು, ಇವರ ಕಾರಿಗೆ ಬಾ ಬಾ ಎಂದು ಕೈಬೀಸಿದರು. ರಸ್ತೆಯ ನಡುವೆ ಕೈ ಬೀಸುವ ಮನುಷ್ಯನೊಬ್ಬನಿದ್ದಾನೆ ಎಂದು ಕಂಡು ಎರಡೂ ಕಾರುಗಳು ಇನ್ನೂ ಒಂದು ಮೊಳ ಹಿಂದೆ ಸರಿದವು. ಮಾಸ್ತರರು ಇನ್ನೂ ಜೋರಾಗಿ ಬೀಸಿದರು. ಅವು ಅಪಾಯದ ದೀಪ ಮಿಣಮಿಣ ಹಾಕಿಕೊಂಡು ನಿಂತವು.

ಕಾರಿನ ಕಿಟಕಿಯಿಂದ ಹೆಂಡತಿ ತಲೆ ಹಾಕಿದರು. "ರೀ, ನೀವೇ ಅಡ್ಡ ನಿಂತಿದೀರಂತೆ. ಆ ಹುಡುಗಿ ಹೇಳ್ತಿದಾಳೆ. ಸ್ವಲ್ಪ ಪಕ್ಕಕ್ಕೆ ಬನ್ನಿ."

"ನಾನು ಅಡ್ಡಾನಾ?"

"ಅವಳೇ ಆ ಕಾರನ್ನ ಹಿಂದಕ್ಕೆ ತಗೊಳ್ತಾಳಂತೆ. ಲಾರಿಯವರು ಹಿಂದೆ ಹೋಗ್ತಿದಾರೆ. ಪಕ್ಕಕ್ಕೆ ಬನ್ನಿ ಸಾಕು."

ಮಾಸ್ತರರು ಅವಮಾನ ನುಂಗಿ ಪೆಟ್ಟಿಗೆಗಳ ಸಂದಿಗೆ ಸರಿದರು. ಎದುರಿನ ಕಾರು ಅಳುಕಿಲ್ಲದೆ ಹಿಂದೆ ಹಿಂದೆ ಹೋಯಿತು. ದಾರಿ ಬಿಡುವಾಯಿತು. ಇವರ ಕಾರು ಮುಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಬಾಗಿಲು ಮುಚ್ಚಿಕೊಂಡು, ಸಿಗ್ನಲ್ ಹಾಕಿ, ಮಾಸ್ತರರ ಹೆಂಡತಿಯನ್ನೂ ಕೋಟನ್ನೂ ಫೋನನ್ನೂ ಭಾಷಣವನ್ನೂ ಹೊತ್ತುಕೊಂಡು, ಹೊರಟದ್ದು ಯಾರಿಗೂ ಗೊತ್ತಾಗದಷ್ಟು ನಯವಾಗಿ ಹೊರಟುಹೋಯಿತು.

ಮಾಸ್ತರರು ಸ್ವಲ್ಪ ದೂರ ಹಿಂದೆ ಓಡಿದರು. ಓಡಿ ಅಭ್ಯಾಸವಿದ್ದವರಲ್ಲ, ಕೂತು ಅಭ್ಯಾಸವಿದ್ದವರು. ಹಾಲಿನ ವ್ಯಾನಿನವನು ಕಿಟಕಿಯಿಂದ ಕತ್ತು ಹೊರಹಾಕಿ, "ಯಜಮಾನ್ರೇ, ನಿಮ್ಮನ್ನ ಬಿಟ್ಟು ಹೋಯ್ತಾ?" ಎಂದು ಕೇಳಿದ.

ಮಾಸ್ತರರು ಮುಖ್ಯರಸ್ತೆಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತರು. ಬಣ್ಣದ ಫಲಕ, ಬಸ್ಸು ಬರುತ್ತಿದೆ ಎಂದಿತು. ಆಮೇಲೆ, ಬರಬಹುದು ಎಂದಿತು. ಪಕ್ಕದಲ್ಲಿ ಕೈಚೀಲ ಹಿಡಿದ ಹೆಂಗಸರು, ಕತ್ತಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ, ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತ ನಿಂತಿದ್ದರು. ಹೆಂಡತಿ ದಿನಾ ಹೀಗೆಯೇ ನಿಲ್ಲುತ್ತಾಳಲ್ಲ ಎಂದು ಮಾಸ್ತರರಿಗೆ ಹೊಳೆಯಿತು. ಎಷ್ಟೋ ಸಲ ಇದೇ ರಸ್ತೆಯಲ್ಲಿ ಪಾಠದ ಕಾರಿನಲ್ಲಿ ಹೋಗುವಾಗ ಅವರು ಆಕೆಗೆ ಕೈಬೀಸಿಯೂ ಇದ್ದರು. ಆಕೆ ತಿರುಗಿ ಕೈಬೀಸಿದ್ದು ಮಾತ್ರ ನೆನಪಿಗೆ ಬರಲಿಲ್ಲ.

ಕೊನೆಗೆ ನಡೆದೇ ಬಂದು ಅವರು ನಗರಸಭೆಯ ಮೆಟ್ಟಿಲು ಹತ್ತುವಾಗ ಅಂಗಿ ಬೆನ್ನಿಗಂಟಿತ್ತು. ಸಭಾಂಗಣದ ಬಾಗಿಲು ತಳ್ಳಿದರೆ ಒಳಗೆ ಜೋರು ನಗು. ಮೈಕಿನ ಮುಂದೆ, ಗಂಡನ ಕರಿ ಕೋಟು ತೋಳಿನ ಮೇಲೆ ಹಾಕಿಕೊಂಡು, ಅವರ ಹೆಂಡತಿ ನಿಂತಿದ್ದರು.

ಆದದ್ದಿಷ್ಟು. ಅಧ್ಯಕ್ಷರು ಸಂಘದ ಪ್ರತಿನಿಧಿಯನ್ನು ಕರೆದಿದ್ದರು. ಕಾರ್ಯದರ್ಶಿ ಸುತ್ತ ನೋಡಿ, ಮಾಸ್ತರರು ಕಾಣದೆ, ಅವರ ಕೋಟು ಕಂಡು, ಕೋಟು ಹಿಡಿದವರನ್ನೇ ಮುಂದಕ್ಕೆ ತಳ್ಳಿದ್ದರು. ಭಾಷಣ ಜೇಬಿನಲ್ಲೇ ಇದೆ, ಓದಿಬಿಡಿ ಎಂದಿದ್ದರು. ಆಕೆ ಜೇಬಿಗೆ ಕೈ ಹಾಕಿರಲಿಲ್ಲ.

"ಆಮೇಲೆ ಕೊಳಲು ಹಾಕಿತು," ಎಂದು ಆಕೆ ಹೇಳುತ್ತಿದ್ದರು. "ಕಾರಲ್ಲಿ ತೊಂದರೆ ಇಲ್ಲ ಅಂತ ಹೇಳಲ್ಲ ನಾನು. ಗಲ್ಲಿಯಲ್ಲಿ ಸಿಕ್ಕಾಕ್ಕೊಳ್ತು. ನನ್ನ ಗಂಡನ್ನ ದಾರೀಲಿ ಬಿಟ್ಟು ಬಂತು. ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋಗೋಕೆ ನೋಡಿತು, ಅದನ್ನ ಮಾತ್ರ ತೊಂದರೆ ಅಂತ ಹೇಳೋಕಾಗಲ್ಲ."

ಸಭೆ ಮತ್ತೆ ನಕ್ಕಿತು.

"ನಾನು ಫಿಸಿಯೋಥೆರಪಿಸ್ಟು. ರಸ್ತೆಯಲ್ಲಿ ಏನು ನಡೆಯುತ್ತೆ ಅಂತ ನನಗೆ ಜನರ ಕತ್ತಲ್ಲಿ ಗೊತ್ತಾಗುತ್ತೆ. ಇವತ್ತು ಕಾರಲ್ಲಿ ಬರೋವಾಗ, ಇವರು ಇಳಿದ ಮೇಲೆ, ನನ್ನ ಕತ್ತು ಸಡಿಲ ಆಗಿತ್ತು. ಯಾಕಪ್ಪಾ ಅಂತ ಯೋಚನೆ ಮಾಡಿದೆ. ಕಾರಲ್ಲಿ ಯಾರೂ ಬಯ್ತಿರಲಿಲ್ಲ. ಡ್ರೈವರ್ ಇರಲಿ, ಇಲ್ಲದೇ ಇರಲಿ, ಅದು ನೀವು ತೀರ್ಮಾನ ಮಾಡಿ. ಆದ್ರೆ ಕೂತವರ ಮೇಲೆ ಕಿರುಚದೆ ಕರ್ಕೊಂಡು ಹೋಗಲಿ. ಮತ್ತೆ ನನ್ನ ಬಸ್ಸು ವಾಪಸ್ಸು ಕೊಡಿ. ಅಷ್ಟೇ."

ಚಪ್ಪಾಳೆ ಬಿತ್ತು. ಕಾರ್ಯದರ್ಶಿಯೂ ಚಪ್ಪಾಳೆ ಹೊಡೆದು, ಆಮೇಲೆ ತಮ್ಮ ಹುದ್ದೆ ನೆನಪಾಗಿ ಕೈ ಕೆಳಗಿಳಿಸಿದರು. ಅಷ್ಟರಲ್ಲಿ ಮಾಸ್ತರರನ್ನು ಕಂಡು, "ಬಂದ್ರು, ಬಂದ್ರು," ಎಂದು ಕೈಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು.

ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿದರು. "ಹೇಳಿ. ಈ ಕಾರಿನ ಮೇಲೆ ನಿಮ್ಮ ಆಕ್ಷೇಪಣೆ ಏನು?"

ಮಾಸ್ತರರು ಮೈಕು ಹಿಡಿದರು. ವಾರವಿಡೀ ಸಾಣೆ ಹಿಡಿದ ಭಾಷಣ ಕೋಟಿನಲ್ಲಿತ್ತು. ಕೋಟು ಹೆಂಡತಿಯ ತೋಳಿನಲ್ಲಿತ್ತು. ಬಾಯಿಗೆ ಬಂದದ್ದನ್ನೇ ಹೇಳಿದರು.

"ಮೇಡಂ, ಅದಕ್ಕೆ ಓಡಿಸೋಕೇ ಬರಲ್ಲ. ರಸ್ತೆಗೆ ಯಾರಿಳಿದ್ರೂ ನಿಲ್ಲುತ್ತೆ. ತಿರುವಿಗೆ ಮೊದಲೇ ಸಿಗ್ನಲ್ ಹಾಕುತ್ತೆ. ಎದುರಿಗೆ ಗಾಡಿ ಬಂದ್ರೆ ದಾರಿ ಬಿಡುತ್ತೆ. ಹಾರ್ನ್ ಹೊಡಿಯಲ್ಲ. ಎಷ್ಟೇ ಅವಸರ ಇದ್ರೂ ಫಲಕದ ಮೇಲೆ ಬರೆದಷ್ಟೇ ವೇಗದಲ್ಲಿ ಹೋಗುತ್ತೆ..."

ಹೇಳುತ್ತ ಹೇಳುತ್ತ ಅವರ ದನಿ ತಾನಾಗಿಯೇ ಗೇರ್ ಇಳಿಸಿಕೊಂಡಿತು.

"ನೀವು ನಿಮ್ಮ ಶಾಲೆಯಲ್ಲಿ ಏನು ಕಲಿಸ್ತೀರಿ?" ಎಂದು ಅಧ್ಯಕ್ಷೆ ನಿಜವಾದ ಕುತೂಹಲದಿಂದ ಕೇಳಿದರು.



"ಇದನ್ನೇ," ಎಂದರು ಮಾಸ್ತರರು.

ಸಮಿತಿ ತನ್ನ ಘನತೆಗೆ ತಕ್ಕಂತೆ ಏನನ್ನೂ ತೀರ್ಮಾನಿಸಲಿಲ್ಲ. ವಿಷಯವನ್ನು ಇನ್ನೂ ಆಳವಾಗಿ ಪರಿಶೀಲಿಸಲು ಒಂದು ಉಪಸಮಿತಿಯನ್ನೂ, ಉಪಸಮಿತಿಯ ಸಂಚಾರಕ್ಕೆ ಒಂದು ಹೊಸ ಕಾರನ್ನೂ ಮಂಜೂರು ಮಾಡಿ ಎದ್ದಿತು. ಆ ಕಾರಿಗೆ ಡ್ರೈವರ್ ಇದ್ದ.

ಮನೆಗೆ ಹೋಗುವಾಗ ಇಬ್ಬರೂ ಬಸ್ಸಿನಲ್ಲಿ ಹೋದರು. ಹೆಂಡತಿಗೆ ಸೀಟು ಸಿಕ್ಕಿತು, ಮಾಸ್ತರರು ಕಂಬಿ ಹಿಡಿದು ನೇತಾಡಿದರು. ಎರಡು ಸ್ಟಾಪು ಕಳೆದ ಮೇಲೆ ಮಾಸ್ತರರು ಬಗ್ಗಿ, "ಕತ್ತು ಸಡಿಲ ಆಗಿತ್ತು ಅಂದ್ಯಲ್ಲ, ನಿಜವಾ?" ಎಂದು ಕೇಳಿದರು.

"ನಿಜ."

"ನಾನು ಅಷ್ಟೊಂದು ಬಯ್ತೀನಾ?"

ಹೆಂಡತಿ ಕಿಟಕಿಯ ಹೊರಗೆ ನೋಡಿದರು. "ಆ ಹುಡುಗಿ ದಾರಿಯುದ್ದಕ್ಕೂ ಮಾತಾಡ್ತಾ ಬಂದಳು. ನೀವು ಕಳಿಸಿದ ಮೇಲೆ ಅವಳು ಬೇರೆ ಕಡೆ ಕಲಿತಳಂತೆ. ಓಡ್ಸೋದು ಕಲಿಯೋದು ಕಷ್ಟ ಅಲ್ಲ ಮೇಡಂ, ಬೈಸ್ಕೊಂಡು ಕಲಿಯೋದು ಕಷ್ಟ ಅಂದಳು. ನನಗೂ ಕಲಿಸ್ತೀಯಾ ಅಂತ ಕೇಳಿದೆ."

"ಏನಂದಳು?"

"ಭಾನುವಾರ ಬರ್ತಾಳಂತೆ. ಅಷ್ಟರಲ್ಲಿ ಕ್ಲಚ್ ಹಾಕ್ಸಿ."

ಈ ವಯಸ್ಸಿನಲ್ಲಿ ಯಾಕೆ, ಕಾರೇ ತಾನಾಗಿ ಓಡುವ ಕಾಲದಲ್ಲಿ ಯಾಕೆ, ಮನೆಯಲ್ಲೇ ಮಾಸ್ತರನಿರುವಾಗ ಯಾಕೆ ಎಂಬ ಮೂರು ಪ್ರಶ್ನೆಗಳು ಮಾಸ್ತರರ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಮೂರನೆಯದಕ್ಕೆ ಉತ್ತರ ಅವರಿಗೇ ಗೊತ್ತಿದ್ದರಿಂದ ಮೊದಲೆರಡನ್ನೂ ಕೇಳಲಿಲ್ಲ.

ಭಾನುವಾರ ಆ ಹುಡುಗಿ ಬಂದಳು. ಹುಡುಗಿ ಎಂದರೆ ತಲೆಯಲ್ಲಿ ಅಲ್ಲಲ್ಲಿ ನರೆಗೂದಲು ಇಣುಕುತ್ತಿದ್ದ ಹೆಂಗಸು. ಮಾಸ್ತರರಿಗೆ ನಮಸ್ಕಾರ ಮಾಡಿ, ಮಾಸ್ತರರ ಸೀಟಿನಲ್ಲಿ ಕೂತಳು. ಹೆಂಡತಿ ಸ್ಟೀರಿಂಗ್ ಹಿಡಿದರು. ಮಾಸ್ತರರಿಗೆ ಉಳಿದದ್ದು ಹಿಂದಿನ ಸೀಟು. ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಅವರು ಎಂದೂ ಕೂತಿರಲಿಲ್ಲ. ಅಲ್ಲಿ ಕಾಲು ಚಾಚಲು ಇಷ್ಟು ಕಡಿಮೆ ಜಾಗ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಸರ್, ನೀವು ಬೆಲ್ಟ್ ಹಾಕ್ಕೊಳ್ಳಿ," ಎಂದಳು ಆಕೆ. "ಮಾತು ಬೇಡ."

ಎಂಜಿನ್ ಆಫ್ ಆಯಿತು. ಮತ್ತೆ ಆಫ್ ಆಯಿತು. ಮಾಸ್ತರರ ಗಂಟಲಿನಲ್ಲಿ ಮೂವತ್ತು ವರ್ಷದ ಶಬ್ದಸಂಪತ್ತು ಉಕ್ಕಿ ಬಂತು, ಹಲ್ಲಿನವರೆಗೆ ಬಂತು, ಅಲ್ಲೇ ನಿಂತಿತು. ಹಿಂದಿನಿಂದ ಅವರಿಗೆ ಹೆಂಡತಿಯ ಕತ್ತು ಕಾಣುತ್ತಿತ್ತು. ಬಿಗಿದುಕೊಂಡಿತ್ತು. ಯಾರಾದರೂ ಈಗ ಕೂಗುತ್ತಾರೆ ಎಂದು ಕಾಯುವವರ ಕತ್ತು ಅದು. ಯಾರೂ ಕೂಗಲಿಲ್ಲ. "ಪರವಾಗಿಲ್ಲ ಮೇಡಂ, ಇನ್ನೊಂದ್ಸಲ," ಎಂದಳು ಪಕ್ಕದಲ್ಲಿದ್ದಾಕೆ. ಕತ್ತು ನಿಧಾನವಾಗಿ ಸಡಿಲವಾಗುವುದನ್ನು ಮಾಸ್ತರರು ನೋಡುತ್ತ ಕೂತರು. ಕಾರು ಕೆಮ್ಮಿ, ಕುಲುಕಿ, ಗೇಟು ದಾಟಿತು. ಅವರಿಬ್ಬರ ದಾಂಪತ್ಯದಲ್ಲಿ ಆಕೆ ಆ ಗೇಟನ್ನು ಕಾರಿನಲ್ಲಿ ದಾಟಿದ್ದು ಅದೇ ಮೊದಲು.

ಬೀದಿಯ ತುದಿಯಲ್ಲಿ ಸಂಘದ ಕಾರ್ಯದರ್ಶಿ ಬೆಳಗಿನ ನಡಿಗೆಗೆ ಬಂದಿದ್ದರು. ಆಮೆಯ ವೇಗದಲ್ಲಿ ಬರುತ್ತಿದ್ದ ಕಾರು ಗುರುತಿಸಿ, ಒಳಗೆ ಬಗ್ಗಿ ನೋಡಿ, ಹಿಂದಿನ ಸೀಟಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಬಾಯಿ ಬಿಗಿದು ಕೂತಿದ್ದ ಮಾಸ್ತರರನ್ನು ಕಂಡು ಬೆರಗಾದರು.

"ಏನ್ ಮಾಸ್ತರ್ರೇ, ಹಿಂದೆ ಕೂತ್ಬಿಟ್ಟಿದೀರಿ? ಏನು ನಡೀತಿದೆ ಇಲ್ಲಿ?"

ಮಾಸ್ತರರಿಗೆ ಮಾತಾಡಲು ಅಪ್ಪಣೆ ಇರಲಿಲ್ಲ. ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟರು.

"ಡ್ರೈವರ್ ಇಲ್ದೆ ನಮ್ಮನೆ ಗಾಡಿ ಓಡುತ್ತಾ ಅಂತ ಪರೀಕ್ಷೆ ಮಾಡ್ತಿದೀವಿ. ಓಡ್ತಾ ಇದೆ."